ಊರೊಳಗೆ ಬಂದ ಕವಚದ ಬಂಡಿ

1829ರಲ್ಲಿ ರಾಬರ್ಟ್ ಪೀಲ್ ಲಂಡನ್ ನಗರಕ್ಕೊಂದು ಸಂಘಟಿತ ಪೊಲೀಸ್ ದಳವನ್ನು ಕಟ್ಟಲು ಹೊರಟಾಗ ಆ ನಗರದ ಜನ ಅದನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಪೊಲೀಸರೆಂದರೆ ವೇಷ ಮರೆಸಿಕೊಂಡು ಊರೊಳಗೆ ಬೀಡುಬಿಟ್ಟ ಸೈನ್ಯವೇ ಎಂಬ ಶಂಕೆ ಅವರಿಗಿತ್ತು. ಆ ಶಂಕೆಯನ್ನು ಕಳೆಯಲು ಪೀಲ್ ಮತ್ತು ಅವನ ಸಹಾಯಕರು ಕಂಡುಕೊಂಡ ಉಪಾಯಗಳಲ್ಲಿ ಒಂದು, ಬಟ್ಟೆಯ ಬಣ್ಣಕ್ಕೆ ಸಂಬಂಧಿಸಿದುದು. ಬ್ರಿಟಿಷ್ ಕಾಲಾಳಿನದು ಕೆಂಪು ಅಂಗಿ; ಆದುದರಿಂದ ಪೊಲೀಸಿನವನಿಗೆ ನೀಲಿ ಕೋಟು. ಸೈನಿಕನಿಗೆ ಬಂದೂಕು, ಆದುದರಿಂದ ಪೊಲೀಸಿನವನಿಗೆ ಮರದ ಒಂದು ದೊಣ್ಣೆ, ಅದೂ ಕೋಟಿನ ಹಿಂದಣ ಜೇಬಿನಲ್ಲಿ ಯಾರಿಗೂ ಕಾಣದಂತೆ. ತಲೆಯ ಮೇಲೆ ನಾಗರಿಕರು ಧರಿಸುತ್ತಿದ್ದಂಥ ಎತ್ತರದ ಟೋಪಿ. ನೋಡಿದವನಿಗೆ, ಈತ ನಮ್ಮಲ್ಲಿ ಒಬ್ಬ, ಕೆಲಸಕ್ಕಾಗಿ ಬೀದಿಯಲ್ಲಿ ನಿಂತಿದ್ದಾನೆ ಎನ್ನಿಸಬೇಕು. ಇದು ಅವರ ಉದ್ದೇಶ.

ಇದು ಬರಿಯ ದರ್ಜಿಯ ವಿಚಾರವಲ್ಲವೆಂಬುದು ತಮಗೆ ಹೊಳೆದಿರಬಹುದು. ರಾಜ್ಯದ ಬಲ ಎರಡು ಬಗೆಯದು: ಗಡಿಯಾಚೆ ಶತ್ರುವಿನ ಮೇಲೆ ತಿರುಗುವುದು ಒಂದು, ಊರೊಳಗೆ ಪ್ರಜೆಯ ಜೊತೆಗಿದ್ದು ಕಾಯುವುದು ಇನ್ನೊಂದು. ಇವೆರಡರ ನಡುವೆ ಒಂದು ಗೆರೆ ಇರಬೇಕು, ಆ ಗೆರೆ ಕಣ್ಣಿಗೂ ಕಾಣಬೇಕು ಎಂಬ ತತ್ತ್ವ ಆ ನೀಲಿ ಬಟ್ಟೆಯಲ್ಲಿತ್ತು. ನಮ್ಮ ದೇಶಕ್ಕೆ ಆಂಗ್ಲರು ತಂದದ್ದು ಲಂಡನ್ನಿನ ಈ ಮಾದರಿಯನ್ನಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1861ರ ಪೊಲೀಸ್ ಕಾಯಿದೆಯ ಹಿಂದೆ ಇದ್ದುದು ಐರ್ಲೆಂಡಿನ ಮಾದರಿ; ಬಂದೂಕು ಹಿಡಿದು, ಬ್ಯಾರಕ್ಕುಗಳಲ್ಲಿ ನೆಲೆಸಿ, ಆಳಿಸಿಕೊಳ್ಳುವವರನ್ನು ಅಂಕೆಯಲ್ಲಿಡುವ ದಳದ ಮಾದರಿ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಾಗ ಇಂದಿಗೂ ನಮ್ಮ ಸಾಮಾನ್ಯನ ಕಾಲು ಏಕೆ ತಡವರಿಸುತ್ತದೆ ಎಂಬುದಕ್ಕೆ ಆ ಕಾಯಿದೆಯಲ್ಲಿ ಸ್ವಲ್ಪ ಉತ್ತರವಿದೆ.

ನಾನು ಸಾಹಿತ್ಯದ ವಿದ್ಯಾರ್ಥಿ. ಉಕ್ಕಿನ ದಪ್ಪ, ಗುಂಡಿನ ವೇಗ ಇವು ನನ್ನ ವಿಷಯಗಳಲ್ಲ. ಆದರೆ ಕವಚವೆಂಬ ಮಾತು ನನಗೆ ಹಳೆಯ ಪರಿಚಯದ್ದು. ಪಂಪಭಾರತವನ್ನು ಪಾಠ ಹೇಳುವಾಗ ಪ್ರತಿ ವರ್ಷವೂ ಕರ್ಣ ತನ್ನ ಸಹಜಕವಚವನ್ನು ಸೀಳಿ ಇಂದ್ರನಿಗೆ ಕೊಡುವ ಸಂದರ್ಭ ಬರುತ್ತಿತ್ತು. ಪ್ರತಿ ವರ್ಷವೂ ತರಗತಿ ಒಂದು ಕ್ಷಣ ಮೌನವಾಗುತ್ತಿತ್ತು. ನಮ್ಮ ಭಾವನವರು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಒಮ್ಮೆ ಮನೆಯ ಜಗಲಿಯಲ್ಲಿ ಈ ಮಾತು ಬಂದಾಗ ಅವರು, "ಮೇಷ್ಟ್ರೇ, ಕರ್ಣನ ಕವಚದ ಕಥೆ ಹೇಳೋದಕ್ಕೆ ನಿಮ್ಮಂಥೋರು ಬೇಕಾದಷ್ಟು ಜನ ಇದೀರಿ. ಕವಚವೇ ಇಲ್ಲದ ಕಾನ್‌ಸ್ಟೇಬಲಿನ ಕಥೆ ಹೇಳೋರು ಯಾರು?" ಎಂದರು. ನಗುತ್ತ ಹೇಳಿದ ಮಾತಾದರೂ ಅದರಲ್ಲಿ ನೋವಿತ್ತು. ಪೊಲೀಸು ದಳಗಳು ಯುದ್ಧದ ಬಂಡಿಗಳನ್ನು ಸಂಪಾದಿಸಿಕೊಂಡ ಚರಿತ್ರೆಯನ್ನು ನಾನು ಓದತೊಡಗಿದ್ದು ಆ ಮಾತಿನಿಂದ. ಇಂದಿನ ಭಾಷಣದಲ್ಲಿ ಭಾವನವರ ಪ್ರಶ್ನೆಯನ್ನೂ ಲಂಡನ್ನಿನ ಜನರ ಶಂಕೆಯನ್ನೂ ಎದುರುಬದುರಾಗಿ ಇಟ್ಟುಕೊಂಡು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಬೆಲ್‌ಫಾಸ್ಟಿಗೆ ಹೋಗೋಣ. 1960ರ ದಶಕದ ಮಧ್ಯದಲ್ಲಿ ಉತ್ತರ ಐರ್ಲೆಂಡಿನ ಪೊಲೀಸರಿಗಾಗಿ ಅಲ್ಲಿಯ ಶಾರ್ಟ್ ಬ್ರದರ್ಸ್ ಕಾರ್ಖಾನೆ ಶಾರ್‌ಲ್ಯಾಂಡ್ ಎಂಬ ಬಂಡಿಯನ್ನು ತಯಾರಿಸಿತು. ರೈತರೂ ಬಳಸುವ ಲ್ಯಾಂಡ್‌ರೋವರಿನ ಚೌಕಟ್ಟು. ಅದರ ಮೇಲೆ ಉಕ್ಕಿನ ತಗಡಿನ ಹೊದಿಕೆ. ನೆತ್ತಿಯ ಮೇಲೆ ತಿರುಗುವ ಗೋಪುರ, ಅದರಲ್ಲೊಂದು ಮೆಷಿನ್‌ಗನ್ನು. ಗಡಿಯನ್ನು ಕಾಯುವುದಕ್ಕೆಂದು ಬಂದದ್ದು. 1969ರ ಆಗಸ್ಟ್ ತಿಂಗಳಲ್ಲಿ ಬೆಲ್‌ಫಾಸ್ಟಿನ ಬೀದಿಗಳಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಘರ್ಷಣೆ ಹತ್ತಿಕೊಂಡಾಗ ಆ ಬಂಡಿಗಳು ಗಡಿಯನ್ನು ಬಿಟ್ಟು ನಗರದೊಳಗೆ ಬಂದವು. ಆಗಸ್ಟ್ 14ರ ರಾತ್ರಿ ಡಿವಿಸ್ ಎಂಬ ವಸತಿಗೃಹಗಳ ಕಡೆಗೆ ಅವುಗಳಿಂದ ಗುಂಡು ಹಾರಿತು. ಗುಂಡುಗಳು ಗೋಡೆಯನ್ನು ತೂರಿ, ಮನೆಯೊಳಗಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಸತ್ತ.

ಈ ಗಲಭೆಗಳನ್ನು ವಿಚಾರಣೆ ಮಾಡಿದ ನ್ಯಾಯಾಧೀಶ ಸ್ಕಾರ್ಮನ್ನರು 1972ರ ತಮ್ಮ ವರದಿಯಲ್ಲಿ ಅಂಥ ಆಯುಧವನ್ನು ಜನವಸತಿಯ ನಡುವೆ ಬಳಸಿದುದನ್ನು ಒಪ್ಪಲಿಲ್ಲ. ಗುಂಡಿಗೆ ತಪ್ಪಿತಸ್ಥ, ನಿರಪರಾಧಿ ಎಂಬ ಭೇದವಿಲ್ಲ. ಗಡಿಯ ಬಯಲಿಗೆಂದು ಮಾಡಿದ ಯಂತ್ರ ಓಣಿಯೊಳಕ್ಕೆ ಬಂದರೆ ಅದು ಬಯಲಿನಲ್ಲಿ ಮಾಡುವ ಕೆಲಸವನ್ನೇ ಓಣಿಯಲ್ಲಿಯೂ ಮಾಡುತ್ತದೆ. ಅದಕ್ಕೂ ಮೊದಲೇ, 1969ರ ಅಕ್ಟೋಬರಿನಲ್ಲಿ, ಹಂಟ್ ಸಮಿತಿ ಸೈನಿಕ ಸ್ವರೂಪದ ಕೆಲಸಗಳೆಲ್ಲದರಿಂದ ಪೊಲೀಸರನ್ನು ಬಿಡುಗಡೆ ಮಾಡಬೇಕೆಂದು ಸೂಚಿಸಿತು. ಶಾರ್‌ಲ್ಯಾಂಡ್ ಬಂಡಿಗಳು ಹೊಸದಾಗಿ ಕಟ್ಟಿದ ಸೈನ್ಯದ ತುಕಡಿಯೊಂದಕ್ಕೆ ಹೋದವು.

ಕಥೆ ಅಲ್ಲಿಗೇ ಮುಗಿದಿದ್ದರೆ ನೀತಿ ಸುಲಭವಾಗುತ್ತಿತ್ತು. ಮುಗಿಯಲಿಲ್ಲ. ಮುಂದಿನ ಮೂರು ದಶಕಗಳ ಅಂತಃಕಲಹದಲ್ಲಿ ಅದೇ ಪೊಲೀಸ್ ದಳದ ಸುಮಾರು 300 ಮಂದಿ ಗುಂಡಿಗೂ ಬಾಂಬಿಗೂ ಬಲಿಯಾದರು. ಅವರಿಗೆ ಉಕ್ಕು ಹೊದಿಸಿದ ಲ್ಯಾಂಡ್‌ರೋವರುಗಳನ್ನು ಮತ್ತೆ ಕೊಡಲೇಬೇಕಾಯಿತು. ಆದರೆ ನೆತ್ತಿಯ ಮೆಷಿನ್‌ಗನ್ನು ಮಾತ್ರ ಹಿಂದಿರುಗಲಿಲ್ಲ. ಈ ಭೇದ ಗಮನಾರ್ಹವಾದುದು. ಒಳಗಿರುವವನನ್ನು ಕಾಪಾಡುವುದು ಕವಚದ ಗುಣ. ಹೊರಗಿರುವವನ ಮೇಲೆ ಏರಿಹೋಗುವುದು ರಥದ ಗುಣ. ಎರಡನ್ನೂ ಒಂದೇ ಬಂಡಿಯಲ್ಲಿ ಕೂಡಿಸಬಹುದು, ಬೇರ್ಪಡಿಸಲೂಬಹುದು. ಬೆಲ್‌ಫಾಸ್ಟು ಬಹಳ ಬೆಲೆ ತೆತ್ತು ಕಲಿತದ್ದು ಇದು.

ಈಗ ಲಾಸ್ ಏಂಜಲೀಸಿಗೆ ಬರೋಣ. 1965ರ ಆಗಸ್ಟಿನಲ್ಲಿ ಅಲ್ಲಿಯ ವಾಟ್ಸ್ ಎಂಬ ಕರಿಯರ ಬಡಾವಣೆ ಆರು ದಿನ ಉರಿಯಿತು. 34 ಮಂದಿ ಸತ್ತರು. ಆಗ ಬೀದಿಯಲ್ಲಿದ್ದ ಪೊಲೀಸ್ ಅಧಿಕಾರಿಗಳಲ್ಲಿ ಡ್ಯಾರಿಲ್ ಗೇಟ್ಸ್ ಒಬ್ಬ. ಮರೆಯಲ್ಲಿ ನಿಂತು ಗುಂಡು ಹಾರಿಸುವವರ ಎದುರು ಬೀಟಿನ ಪೊಲೀಸರು ಕೈಕಟ್ಟಿ ನಿಲ್ಲಬೇಕಾಗುತ್ತದೆ, ಇದಕ್ಕೆ ವಿಶೇಷ ತರಬೇತಿ ಪಡೆದ ಸಣ್ಣ ತಂಡಗಳು ಬೇಕು ಎಂಬುದು ಅವನ ನಿಲುವು. 1967ರಲ್ಲಿ ತಂಡ ಸಿದ್ಧವಾಯಿತು. ಅದಕ್ಕೆ ಹೆಸರು ಬೇಕಲ್ಲ? 'ವಿಶೇಷ ಆಯುಧಗಳ ಆಕ್ರಮಣ ದಳ' ಎಂಬರ್ಥ ಬರುವಂತೆ ಗೇಟ್ಸ್ ಒಂದು ಹೆಸರು ಸೂಚಿಸಿದನಂತೆ. ಮೇಲಧಿಕಾರಿ ಎಡ್ವರ್ಡ್ ಡೇವಿಸ್, 'ಆಕ್ರಮಣ' ಎಂಬ ಮಾತು ಪೊಲೀಸರಿಗೆ ಕೂಡದೆಂದು ಅದನ್ನು ಹೊಡೆದುಹಾಕಿದನು. ಆಗ ಅದೇ ಅಕ್ಷರಗಳು ಉಳಿಯುವಂತೆ 'ವಿಶೇಷ ಆಯುಧಗಳು ಮತ್ತು ತಂತ್ರಗಳು' ಎಂದಾಯಿತು. ಇಂದು ಜಗತ್ತೆಲ್ಲ ಬಲ್ಲ ಸ್ವಾಟ್ ಎಂಬ ಹೆಸರು ಹುಟ್ಟಿದ್ದು ಹೀಗೆ. ಗೇಟ್ಸನೇ 1992ರಲ್ಲಿ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಪದವೊಂದನ್ನು ಬದಲಾಯಿಸಿದರೆ ಪದಾರ್ಥ ಬದಲಾಗುವುದೇ ಎಂಬುದು ನಮ್ಮ ಆಲಂಕಾರಿಕರ ಹಳೆಯ ಪ್ರಶ್ನೆ. ಇಲ್ಲಿ ಆದುದೇನೆಂಬುದನ್ನು ಮುಂದಣ ಕಥೆ ಹೇಳುತ್ತದೆ.

1978ರಲ್ಲಿ ಗೇಟ್ಸ್ ಆ ನಗರದ ಪೊಲೀಸ್ ಮುಖ್ಯಸ್ಥನಾದ. 1984ರಲ್ಲಿ ಒಲಿಂಪಿಕ್ ಕ್ರೀಡೆಗಳು ಲಾಸ್ ಏಂಜಲೀಸಿಗೆ ಬಂದುವು. ಹನ್ನೆರಡು ವರ್ಷಗಳ ಹಿಂದೆ ಮ್ಯೂನಿಕ್ಕಿನಲ್ಲಿ ಇಸ್ರೇಲಿನ ಕ್ರೀಡಾಪಟುಗಳ ಕೊಲೆಯಾದುದು ಎಲ್ಲರ ನೆನಪಿನಲ್ಲಿತ್ತು. ಅಂಥದು ಮತ್ತೆ ನಡೆಯದಂತೆ ಕಾಯಲೆಂದು ವಿ-100 ಎಂಬ ಸೇನಾ ಮಾದರಿಯ ಕವಚದ ಬಂಡಿಗಳು ಪೊಲೀಸರ ಕೈಗೆ ಬಂದುವು. ಕ್ರೀಡೆಗಳು ಶಾಂತವಾಗಿ ಮುಗಿದುವು. ಕ್ರೀಡಾಪಟುಗಳು ಮನೆಗೆ ಹೋದರು, ಬಂಡಿಗಳು ಉಳಿದುವು.

ಮನೆಯಲ್ಲಿ ಒಂದು ಸಾಧನವಿದ್ದರೆ ಅದಕ್ಕೊಂದು ಕೆಲಸ ಹುಡುಕುವುದು ಮನುಷ್ಯ ಸ್ವಭಾವ. ಆ ಕಾಲಕ್ಕೆ ನಗರದ ಬಡ ಬಡಾವಣೆಗಳಲ್ಲಿ ಕೊಕೇನಿನ ವ್ಯಾಪಾರ ಹಬ್ಬಿತ್ತು. ಕಬ್ಬಿಣದ ಸರಳು, ಬಾಗಿಲುಗಳಿಂದ ಭದ್ರಪಡಿಸಿದ ಮನೆಗಳಲ್ಲಿ ಅದನ್ನು ಮಾರುತ್ತಿದ್ದರು. ಪೊಲೀಸರು ಬಾಗಿಲು ಮುರಿಯುವಷ್ಟರಲ್ಲಿ ಸರಕು ಕೊಳಾಯಿಯ ಪಾಲಾಗಿರುತ್ತಿತ್ತು. ಗೇಟ್ಸ್ ವಿ-100 ಬಂಡಿಯ ಮೂತಿಗೆ 14 ಅಡಿ ಉದ್ದದ ಉಕ್ಕಿನ ತೊಲೆಯನ್ನು ಜೋಡಿಸಿದ. ನಮ್ಮ ನಾಡಿನ ಕೋಟೆಗಳ ಹೆಬ್ಬಾಗಿಲಿಗೆ ಆಳೆತ್ತರದ ಮೇಲೆ ಕಬ್ಬಿಣದ ಮುಳ್ಳುಗಳನ್ನು ಜಡಿದಿರುವುದನ್ನು ತಾವು ನೋಡಿರಬಹುದು. ಆನೆಯ ಹಣೆಯಿಂದ ಬಾಗಿಲನ್ನು ಗುದ್ದಿಸುವ ಶತ್ರುವಿಗೆ ಅದು ಉತ್ತರ. ಲಾಸ್ ಏಂಜಲೀಸಿನಲ್ಲಿ ಹೊಸ ಕಾಲದ ಆನೆ ತಯಾರಾಯಿತು. ಎದುರಿಗಿದ್ದುದು ಮಾತ್ರ ಕೋಟೆಯಲ್ಲ, ಸಂಸಾರವಂದಿಗರ ಮನೆ.

1985ರ ಫೆಬ್ರವರಿ 6ರಂದು ಪಕೋಯ್ಮ ಎಂಬ ಬಡಾವಣೆಯಲ್ಲಿ, ಪತ್ರಿಕೆಯವರ ಕಣ್ಣೆದುರಿಗೆ, ಆ ಬಂಡಿ ಒಂದು ಮನೆಯ ಗೋಡೆಯನ್ನು ಒಡೆದು ಒಳನುಗ್ಗಿತು. ಒಳಗಿದ್ದವರು ಇಬ್ಬರು ಹೆಂಗಸರು ಮತ್ತು ಮೂವರು ಮಕ್ಕಳು. ಅವರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಹುಡುಕಾಡಿದ ಮೇಲೆ ಸಿಕ್ಕ ಮಾದಕ ಪದಾರ್ಥ ಅತ್ಯಲ್ಪ, ಮೊಕದ್ದಮೆಯೇ ನಿಲ್ಲಲಿಲ್ಲ. ಅದೇ ವರ್ಷ ಕಾಂಪ್ಟನ್ನಿನ ಟಾಡಿ ಟೀ ಎಂಬ ಯುವಕ ಈ ಬಂಡಿಯನ್ನೇ ವಸ್ತುವಾಗಿ ಮಾಡಿ, 'ಬ್ಯಾಟರ್‌ರ್ಯಾಮ್' ಎಂಬ ಹೆಸರಿನ ಹಾಡು ಕಟ್ಟಿದ; ಓಣಿಗಳಲ್ಲಿ ಅದು ಹಬ್ಬಿತು. ರಾಜದಂಡ ಮಿತಿಮೀರಿದಾಗ ಲಾವಣಿ ಹುಟ್ಟುತ್ತದೆಂಬುದು ನಮ್ಮ ನಾಡಿಗೂ ಹೊಸತಲ್ಲ.

ಹಾಡಿನ ಜೊತೆಗೆ ನ್ಯಾಯಾಲಯಕ್ಕೂ ದೂರು ಹೋಯಿತು. 1987ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಲ್ಯಾಂಗ್‌ಫರ್ಡ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ಘಟ್ಟ. ಬಂಡಿಯನ್ನು ಸುಟ್ಟುಬಿಡಿ ಎಂದು ಅದು ಹೇಳಲಿಲ್ಲ. ಶೋಧನೆಗೆ ವಾರಂಟು ಕೈಯಲ್ಲಿದ್ದ ಮಾತ್ರಕ್ಕೆ ಮನೆಯನ್ನು ಈ ತೊಲೆಯಿಂದ ಒಡೆಯುವ ಅಧಿಕಾರ ಬರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ, ಮುಂಚಿತವಾಗಿ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಒಳನುಗ್ಗುವ ಹೊತ್ತಿಗೆ ತುರ್ತು ಕಾರಣವೂ ಇರಬೇಕು ಎಂದಿತು. ಬಂಡಿಯೊಳಗೆ ಕುಳಿತವನೇ ಅದರ ಅಗತ್ಯವನ್ನು ತೀರ್ಮಾನಿಸಕೂಡದು, ಹೊರಗೆ ನಿಂತ ಮೂರನೆಯವನೊಬ್ಬ ತೀರ್ಮಾನಿಸಬೇಕು ಎಂಬುದು ಇದರ ತಿರುಳು.

ಇಷ್ಟಾದ ಮೇಲೆ ಭಾವನವರ ಪ್ರಶ್ನೆಗೆ ಬರಬೇಕು. 1997ರ ಫೆಬ್ರವರಿ 28ರಂದು ಅದೇ ನಗರದ ಉತ್ತರ ಹಾಲಿವುಡ್ ಭಾಗದ ಬ್ಯಾಂಕೊಂದಕ್ಕೆ ಇಬ್ಬರು ದರೋಡೆಕೋರರು ನುಗ್ಗಿದರು. ತಲೆಯೊಂದನ್ನು ಬಿಟ್ಟು ಮೈಯೆಲ್ಲ ಗುಂಡುನಿರೋಧಕ ಕವಚ. ಕೈಯಲ್ಲಿ ತಡೆಯಿಲ್ಲದೆ ಗುಂಡುಗರೆಯುವ ರೈಫಲುಗಳು. ಹೊರಗೆ ಸುತ್ತುವರಿದ ಪೊಲೀಸರ ಬಳಿ ಇದ್ದವು ಪಿಸ್ತೂಲು ಮತ್ತು ಷಾಟ್‌ಗನ್ನುಗಳು; ಅವುಗಳ ಗುಂಡು ಕವಚಕ್ಕೆ ತಾಗಿ ಬೀಳುತ್ತಿದ್ದುವು. ಪೊಲೀಸರು ಹತ್ತಿರದ ಬಂದೂಕಿನ ಅಂಗಡಿಗೆ ಓಡಿ ರೈಫಲುಗಳನ್ನು ಕಡ ತರಬೇಕಾಯಿತು. ಬೀದಿಯಲ್ಲಿ ಗಾಯಗೊಂಡು ಬಿದ್ದವರನ್ನು ಎತ್ತಿ ತರಲು, ಬ್ಯಾಂಕುಗಳ ಹಣ ಸಾಗಿಸುವ ಉಕ್ಕಿನ ಲಾರಿಯೊಂದನ್ನು ಹಿಡಿದು ಅದನ್ನೇ ಮರೆಯಾಗಿ ಬಳಸಿಕೊಂಡರು. 44 ನಿಮಿಷ ನಡೆದ ಕಾಳಗದ ಕೊನೆಗೆ ದರೋಡೆಕೋರರಿಬ್ಬರೂ ಸತ್ತರು; ಅನೇಕ ಪೊಲೀಸರೂ ನಾಗರಿಕರೂ ಗಾಯಗೊಂಡರು, ಆದರೆ ಅವರಲ್ಲಿ ಯಾರೂ ಸಾಯಲಿಲ್ಲ. ಹಣದ ಚೀಲಗಳನ್ನು ಸಾಗಿಸಲು ಕವಚದ ಲಾರಿಯಿದೆ, ಮನುಷ್ಯರನ್ನು ಉಳಿಸಲು ಇಲ್ಲ ಎಂದು ಅಂದು ಯಾವ ಪೊಲೀಸನಾದರೂ ಕೇಳಿದ್ದರೆ ಅವನಿಗೆ ಉತ್ತರ ಕೊಡುವುದು ಸುಲಭವಿರಲಿಲ್ಲ.

ನಮ್ಮ ದೇಶದ್ದೇ ಒಂದು ನೆನಪು ಇಲ್ಲಿ ಬರದೆ ಇರದು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಎಂಬ ಮೂವರು ಹಿರಿಯ ಅಧಿಕಾರಿಗಳು ಕಾಮಾ ಆಸ್ಪತ್ರೆಯ ಬಳಿ ಗುಂಡಿಗೆ ಬಲಿಯಾದಾಗ ಅವರು ಕುಳಿತಿದ್ದುದು ಒಂದು ಸಾಮಾನ್ಯ ಕ್ವಾಲಿಸ್ ವಾಹನದಲ್ಲಿ. ಮರುವರ್ಷ ಮುಂಬಯಿ ಪೊಲೀಸರಿಗೆ ಮಹೀಂದ್ರ ಕಂಪನಿಯ ಮಾರ್ಕ್ಸ್‌ಮನ್ ಎಂಬ ಕವಚದ ಬಂಡಿಗಳು ಬಂದುದನ್ನು ಯಾರೂ ಆಡಂಬರವೆಂದು ಹಳಿಯಲಾರರು.

ಅಮೆರಿಕದ ಸ್ವಾಟ್ ತಂಡಗಳಿಗೆ ಈ ಶತಮಾನದ ಆರಂಭದಿಂದ ಮೆಚ್ಚಿನದಾದುದು ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನಲ್ಲಿ ಲೆಂಕೊ ಕಂಪನಿ ತಯಾರಿಸುವ ಬೇರ್‌ಕ್ಯಾಟ್ ಎಂಬ ಬಂಡಿ. ಲಾರಿಯ ಚೌಕಟ್ಟಿನ ಮೇಲೆ ಉಕ್ಕಿನ ಮೈ. 2016ರ ಜೂನ್ 12ರಂದು ಆರ್ಲ್ಯಾಂಡೊದ ನೃತ್ಯಶಾಲೆಯೊಂದರಲ್ಲಿ ಕೊಲೆಗಡುಕನೊಬ್ಬ ಜನರನ್ನು ಒತ್ತೆಯಿಟ್ಟುಕೊಂಡಿದ್ದಾಗ ಅದರ ಗೋಡೆಯನ್ನು ಒಡೆದು ಸೆರೆಯಲ್ಲಿದ್ದವರಿಗೆ ದಾರಿ ಮಾಡಿಕೊಟ್ಟದ್ದು ಇಂಥ ಬಂಡಿಯೇ. ಪಕೋಯ್ಮದಲ್ಲಿ ಗೋಡೆ ಒಡೆದುದು ಒಂದು ಬಂಡಿ, ಆರ್ಲ್ಯಾಂಡೊದಲ್ಲಿ ಗೋಡೆ ಒಡೆದುದೂ ಒಂದು ಬಂಡಿ. ಗೋಡೆಯ ಒಳಗೆ ಯಾರಿದ್ದರು, ಅವರಿಗೆ ಯಾರಿಂದ ಭಯವಿತ್ತು ಎಂಬುದರಲ್ಲಿದೆ ವ್ಯತ್ಯಾಸವೆಲ್ಲ.

ಹಾಗಾದರೆ ತಕರಾರೇನು? ತಕರಾರು ಎಣಿಕೆಯಲ್ಲಿದೆ. ಪೀಟರ್ ಕ್ರಾಸ್ಕ ಎಂಬ ವಿದ್ವಾಂಸರ ಅಂದಾಜಿನಂತೆ 1980ರ ಸುಮಾರಿಗೆ ಅಮೆರಿಕದಲ್ಲಿ ಇಂಥ ತಂಡಗಳು ವರ್ಷಕ್ಕೆ ಹೆಚ್ಚುಕಡಿಮೆ 3,000 ಸಲ ಹೊರಡುತ್ತಿದ್ದುವು. ಇಪ್ಪತ್ತೈದು ವರ್ಷಗಳಲ್ಲಿ ಅದು 40,000ವನ್ನೂ ಮೀರಿತು. ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘ 2014ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆ, ತಾನು ಪರಿಶೀಲಿಸಿದ ಸುಮಾರು 800 ಪ್ರಸಂಗಗಳಲ್ಲಿ ನೂರಕ್ಕೆ 79 ಬರಿಯ ಶೋಧನೆಯ ವಾರಂಟು ಜಾರಿಮಾಡಲು ನಡೆದವು, ಒತ್ತೆಯಾಳು ಅಥವಾ ಗುಂಡು ಹಾರಿಸುವವನ ಪ್ರಸಂಗಗಳು ನೂರಕ್ಕೆ 7 ಮಾತ್ರ ಎಂದು ತೋರಿಸಿತು. ಅಂದರೆ, ಆರ್ಲ್ಯಾಂಡೊವನ್ನು ತೋರಿಸಿ ಕೊಂಡ ಬಂಡಿ ಪಕೋಯ್ಮದ ದಾರಿಯಲ್ಲಿ ಹೆಚ್ಚಾಗಿ ಓಡಾಡುತ್ತಿತ್ತು.

ಕೊಂಡ ಎಂದೆ, ಎಷ್ಟೋ ಕಡೆ ಕೊಳ್ಳಲೂ ಇಲ್ಲ. ಸೈನ್ಯಕ್ಕೆ ಬೇಡವಾದ ಸಾಮಗ್ರಿಯನ್ನು ಪೊಲೀಸರಿಗೆ ಧರ್ಮಾರ್ಥವಾಗಿ ಕೊಡುವ ವ್ಯವಸ್ಥೆಯನ್ನು ಅಮೆರಿಕದ ಸಂಸತ್ತು ಮೊದಲು 1990ರ ಸುಮಾರಿಗೆ ಮಾದಕದ್ರವ್ಯದ ವಿರುದ್ಧ ಹೋರಾಟಕ್ಕೆಂದು ಮಾಡಿತು. 1997ರ ಹಣಕಾಸು ವರ್ಷದ ಕಾಯಿದೆಯ 1033ನೆಯ ವಿಧಿ ಅದನ್ನು ಶಾಶ್ವತಗೊಳಿಸಿತು. ಸಾಗಣೆಯ ಖರ್ಚು, ರಿಪೇರಿಯ ಖರ್ಚು ಪೊಲೀಸರದು, ವಸ್ತು ಪುಕ್ಕಟೆ. ಒಂದು ಷರತ್ತು ಮಾತ್ರ ವಿಚಿತ್ರವಾದುದು: ಪಡೆದ ವಸ್ತುವನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕು. ಕಛೇರಿಯ ದೃಷ್ಟಿಯಿಂದ ಇದು ಸರಿಯೇ. ಉಗ್ರಾಣದಲ್ಲಿ ಕೊಳೆಹಾಕಲು ಯಾರೂ ಕೇಳದಿರಲೆಂದು ಮಾಡಿದ್ದು. ಆದರೆ ಕೊಡುವ ವಸ್ತು ಮೇಜು ಕುರ್ಚಿಯಾದರೆ ಒಂದು ಮಾತು, ಯುದ್ಧದ ಬಂಡಿಯಾದರೆ ಇನ್ನೊಂದು. ಉಪಯೋಗ ಬರದಿರಲಿ ಎಂದು ಹಾರೈಸಬೇಕಾದ ವಸ್ತುವನ್ನು ಉಪಯೋಗಿಸಲೇಬೇಕೆಂದು ಬರೆದುಕೊಟ್ಟಂತಾಯಿತು.

ಹೀಗೆ ಬಂದ ವಸ್ತುಗಳಲ್ಲಿ ಅತ್ಯಂತ ಭಾರಿಯಾದುದು ಎಮ್‌ರ್ಯಾಪ್ ಎಂದು ಕರೆಸಿಕೊಳ್ಳುವ ಬಂಡಿ. ಇರಾಕಿನ ರಸ್ತೆಗಳಲ್ಲಿ ಹುಗಿದ ಸಿಡಿಮದ್ದಿಗೆ ಅಮೆರಿಕದ ಸೈನಿಕರು ಸಾಯುತ್ತಿದ್ದಾಗ, 2007ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಉಳಿದೆಲ್ಲ ಖರೀದಿಗಳಿಗಿಂತ ಮೊದಲು ಇವು ಬೇಕೆಂದು ಪಟ್ಟುಹಿಡಿದರು. ಇವರು ಇನ್ನೊಬ್ಬ ಗೇಟ್ಸ್. ಲಾಸ್ ಏಂಜಲೀಸಿನವನಿಗೆ ಸಂಬಂಧವಿಲ್ಲ. ಆ ಬಂಡಿಗಳು ಸಾವಿರಾರು ಪ್ರಾಣಗಳನ್ನು ಉಳಿಸಿದವೆಂದು ಹೇಳುತ್ತಾರೆ. ಅವುಗಳ ತಳ ದೋಣಿಯ ಹಾಗೆ ಕೋನವಾಗಿದ್ದು, ಕೆಳಗಿನಿಂದ ಬಂದ ಸ್ಫೋಟವನ್ನು ಎರಡು ಬದಿಗೆ ಚೆದರಿಸುತ್ತದೆ. ಈ ಉಪಾಯ ಹುಟ್ಟಿದ್ದು ಅಮೆರಿಕದಲ್ಲಲ್ಲ, ಆಫ್ರಿಕದ ದಕ್ಷಿಣದಲ್ಲಿ. ಕ್ಯಾಸ್ಪಿರ್ ಎಂಬುದು ಅದರ ಪ್ರಸಿದ್ಧ ಪೂರ್ವಜ. ಆ ಹೆಸರೂ ಸ್ವಾರಸ್ಯವಾದುದು: ದಕ್ಷಿಣ ಆಫ್ರಿಕದ ಪೊಲೀಸರ ಮತ್ತು ಅಲ್ಲಿಯ ವಿಜ್ಞಾನ ಸಂಶೋಧನಾ ಮಂಡಳಿಯ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕಲಸಿ ಕಟ್ಟಿದ ಪದ ಅದು. ಗಡಿಯ ನೆಲಬಾಂಬುಗಳಿಗೆಂದು ಪೊಲೀಸರಿಗಾಗಿಯೇ ರೂಪಿಸಿದ ಆ ಹಳದಿ ಬಂಡಿ 1980ರ ದಶಕದಲ್ಲಿ ಕರಿಯರ ಕೇರಿಗಳಲ್ಲಿ ಸುತ್ತಾಡಿ ವರ್ಣಭೇದ ನೀತಿಯ ಮುಖವೇ ಆಗಿಬಿಟ್ಟಿತು. ಭಾರತದ ಸೈನ್ಯವೂ ಇದೇ ಬಂಡಿಗಳನ್ನು ಕೊಂಡಿದೆ. ಅದರ ಮಾದರಿಯವು ನಮ್ಮಲ್ಲಿಯೂ ತಯಾರಾಗಿ, ನಕ್ಸಲರ ನೆಲಬಾಂಬುಗಳನ್ನು ಎದುರಿಸಲು ಪೊಲೀಸರಿಗೆ ಹೋದವು. ಕವಚ ದಪ್ಪವಾದಂತೆ ಎದುರಿನವನ ಮದ್ದಿನ ತೂಕವೂ ಏರಿತು. ಛತ್ತೀಸಗಢದಲ್ಲಿ ಈ ಬಂಡಿಗಳೇ ಸಿಡಿದು ಒಳಗಿದ್ದವರು ಸತ್ತ ದುರಂತಗಳು ನಡೆದಿವೆ. ಯಾವ ಕವಚವೂ ಅಭೇದ್ಯವಲ್ಲ ಎಂಬುದು ಮಹಾಭಾರತಕ್ಕೆ ಗೊತ್ತಿದ್ದ ಸಂಗತಿ.

ಇರಾಕಿನ ಯುದ್ಧ ಮುಗಿದ ಮೇಲೆ ಹತ್ತು ಟನ್ನಿಗೂ ಮಿಕ್ಕ ತೂಕದ ಈ ಬಂಡಿಗಳು ಅಮೆರಿಕದ ಸಣ್ಣ ಊರುಗಳ ಪೊಲೀಸ್ ಠಾಣೆಗಳ ಮುಂದೆ ಬಂದು ನಿಂತುವು. ಅದಕ್ಕೂ ಮುಂಚೆ, 2012ರಲ್ಲಿ, ನ್ಯೂ ಹ್ಯಾಂಪ್‌ಷೈರಿನ ಕೀನ್ ಎಂಬ, ಸುಮಾರು 23 ಸಾವಿರ ಜನರ ಊರಿಗೆ ಕೇಂದ್ರ ಸರ್ಕಾರದ ಸುಮಾರು 2 ಲಕ್ಷ 85 ಸಾವಿರ ಡಾಲರುಗಳ ಅನುದಾನದಿಂದ ಬೇರ್‌ಕ್ಯಾಟ್ ಬರುವ ಮಾತು ಹೊರಟಿತು. ಭಯೋತ್ಪಾದಕರ ಕಣ್ಣು ಬೀಳಬಹುದಾದ ಸಂದರ್ಭವೆಂದು ಅರ್ಜಿಯಲ್ಲಿ ಹೆಸರಿಸಿದ್ದುದು ಊರಿನ ಕುಂಬಳಕಾಯಿ ಹಬ್ಬ! ಕುಂಬಳಕಾಯಿಯೊಳಗೆ ದೀಪ ಹಚ್ಚಿಡುವ ಹಬ್ಬ ಅದು. 2013ರಲ್ಲಿ ಒಂದೇ ಸಲ 30,581 ದೀಪಗಳನ್ನು ಹಚ್ಚಿ ಆ ಊರು ಜಗತ್ತಿನ ದಾಖಲೆ ಮಾಡಿತು. ಊರಿನವರಲ್ಲಿ ಅನೇಕರು ನಕ್ಕರು, ಕೆಲವರು ಸಿಟ್ಟಾದರು, ಬಂಡಿ ಬಂತು. 2014ರ ಹಬ್ಬದ ದಿನ ಕಾಲೇಜು ಹುಡುಗರ ಕುಡಿತದ ಕೂಟಗಳು ದೊಂಬಿಗೆ ತಿರುಗಿದುದೂ ನಿಜ. ಆದರೆ ಬೀರು ಕುಡಿದು ಸೀಸೆ ಎಸೆಯುವ ಹುಡುಗನೂ ಸಿಡಿಮದ್ದು ಹುಗಿಯುವ ಶತ್ರುವೂ ಒಂದೇ ಬಗೆಯ ಅಪಾಯವಲ್ಲ.

2014ರ ಆಗಸ್ಟ್ 9ರಂದು ಮಿಸೌರಿಯ ಫರ್ಗುಸನ್ನಿನಲ್ಲಿ ಮೈಕೇಲ್ ಬ್ರೌನ್ ಎಂಬ 18 ವರ್ಷದ ಕರಿಯ ಹುಡುಗ ಪೊಲೀಸನ ಗುಂಡಿಗೆ ಸತ್ತ. ಪ್ರತಿಭಟನೆಗೆ ಬಂದ ಜನರ ಎದುರು ಕವಚದ ಬಂಡಿಗಳು ನಿಂತುವು. ಬಂಡಿಯ ನೆತ್ತಿಯ ಮೇಲೆ ಕುಳಿತು ಜನರ ಕಡೆಗೆ ರೈಫಲು ಗುರಿಯಿಟ್ಟ ಪೊಲೀಸನ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಸಾವಿಗೆ ಕಾರಣ ಬಂಡಿಯಲ್ಲ. ಆದರೆ ಸತ್ತವನಿಗಾಗಿ ಅಳಲು ಬಂದವರಿಗೆ ರಾಜ್ಯ ತನ್ನ ಮುಖವನ್ನು ತೋರಿಸಿದ್ದು ಆ ಬಂಡಿಯ ರೂಪದಲ್ಲಿ. ಬ್ರಿಟಿಷರ ನೀಲಿ ಕೋಟು ಮುಚ್ಚಿಡಬೇಕೆಂದಿದ್ದ ದೊಣ್ಣೆ ಈಗ ಬಂಡಿಯ ಗಾತ್ರವಾಗಿ ಬೀದಿಯ ನಡುವೆ ನಿಂತಿತ್ತು.

ಅದೇ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ಎಂಬ ವಿಶ್ವವಿದ್ಯಾನಿಲಯದ ಊರಿಗೆ 6 ಲಕ್ಷ 89 ಸಾವಿರ ಡಾಲರು ಬೆಲೆಯ ಎಮ್‌ರ್ಯಾಪ್ ಬಂದಿತ್ತು. ಊರಿನ ಜನ ನಗರಸಭೆಯಲ್ಲಿ ನೆರೆದರು. ನಮ್ಮ ಊರಿನಲ್ಲಿಯೂ ಸೈನ್ಯದ ದರ್ಜೆಯ ಬಂದೂಕುಗಳು ಸಿಕ್ಕಿವೆ, ನಮ್ಮವರ ಪ್ರಾಣಕ್ಕೆ ರಕ್ಷಣೆ ಬೇಕು ಎಂದು ಪೊಲೀಸ್ ಮುಖ್ಯಸ್ಥರು ಸಮಾಧಾನವಾಗಿ ವಾದಿಸಿದರು. ಜನ ಒಪ್ಪಲಿಲ್ಲ. ಆಗಸ್ಟ್ 26ರಂದು ನಗರಸಭೆ ಬಹುಮತದಿಂದ, ಬಂಡಿಯನ್ನು 60 ದಿನಗಳೊಳಗೆ ತೊಲಗಿಸುವ ದಾರಿ ಹುಡುಕಿರೆಂದು ನಿರ್ಣಯಿಸಿತು. ಕೆಲವೇ ದಿನಗಳಲ್ಲಿ ಸ್ಯಾನ್ ಹೋಸೆ ನಗರದ ಪೊಲೀಸರೂ ತಮ್ಮ ಬಂಡಿಯನ್ನು ಹಿಂದಿರುಗಿಸುವುದಾಗಿ ಸಾರಿದರು. ನಮ್ಮ ಕನ್ನಡದ ಮನೆಗಳ ಮಕ್ಕಳು ಕಂಪ್ಯೂಟರ್ ಉದ್ಯೋಗಕ್ಕೆಂದು ಹೋಗಿ ನೆಲೆಸಿರುವ ಊರು ಅದು. ಬೀದಿಯಲ್ಲಿ ಯಾವ ಬಂಡಿ ಓಡಬೇಕೆಂದು ಊರಿನವರು ಕೇಳಬಹುದು ಎಂಬುದನ್ನು ಅವರೂ ಅಲ್ಲಿ ಕಂಡಿರಬೇಕು.

ಮುಂದಿನದು ತಕ್ಕಡಿಯ ಆಟ. 2015ರ ಜನವರಿಯಲ್ಲಿ ಅಧ್ಯಕ್ಷ ಒಬಾಮ ಒಂದು ಆಜ್ಞೆ ಹೊರಡಿಸಿದರು; ಅದರ ಫಲವಾಗಿ ಟ್ಯಾಂಕಿನಂತೆ ಪಟ್ಟಿಯ ಮೇಲೆ ಚಲಿಸುವ ಬಂಡಿಗಳನ್ನು ಪೊಲೀಸರಿಗೆ ಕೊಡುವುದು ನಿಂತಿತು, ಗಾಲಿಯ ಬಂಡಿಗಳಿಗೆ ಸ್ಥಳೀಯ ಸಭೆಯ ಒಪ್ಪಿಗೆ ಕಡ್ಡಾಯವಾಯಿತು. 2017ರ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ರದ್ದುಮಾಡಿದರು. 2022ರ ಮೇ ತಿಂಗಳಲ್ಲಿ ಅಧ್ಯಕ್ಷ ಬೈಡನ್ ನಿರ್ಬಂಧಗಳನ್ನು ಮತ್ತೆ ತಂದರು; 2025ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ, ಟ್ರಂಪ್ ಅದನ್ನೂ ತೆಗೆದುಹಾಕಿದರು. ಒಂದು ಕೈ ಬರೆದುದನ್ನು ಇನ್ನೊಂದು ಕೈ ಅಳಿಸಬಹುದು. ಅರಮನೆಯ ಆಜ್ಞೆಗಳ ಹಣೆಬರಹವೇ ಹಾಗೆ.

ಇದಕ್ಕಿಂತ ಹೆಚ್ಚು ಬಾಳಬಹುದಾದುದು ಕ್ಯಾಲಿಫೋರ್ನಿಯ ರಾಜ್ಯ 2021ರಲ್ಲಿ ಮಾಡಿದ ಕಾಯಿದೆ. ಅದರ ಪ್ರಕಾರ ಅಲ್ಲಿಯ ಯಾವ ಪೊಲೀಸ್ ದಳವೂ ಕವಚದ ಬಂಡಿಯಂಥ ಸೇನಾ ಸಾಮಗ್ರಿಯನ್ನು ಪಡೆಯುವ ಮೊದಲು, ಅದು ಏನು, ಅದರ ಬೆಲೆಯೆಷ್ಟು, ಯಾವಾಗ ಬಳಸಲಾಗುವುದು, ಯಾವಾಗ ಬಳಸಕೂಡದು ಎಂಬುದನ್ನು ಬರೆದು ಪ್ರಕಟಿಸಬೇಕು. ಚುನಾಯಿತ ಸಭೆ ಬಹಿರಂಗವಾಗಿ ಚರ್ಚಿಸಿ ಒಪ್ಪಬೇಕು. ವರ್ಷಕ್ಕೊಮ್ಮೆ, ಎಷ್ಟು ಸಲ ಬಳಸಿದೆವು, ಏಕೆ ಬಳಸಿದೆವು ಎಂದು ವರದಿ ಕೊಟ್ಟು ಊರಿನವರ ಸಭೆ ಕರೆಯಬೇಕು. 1987ರ ತೀರ್ಪಿನಲ್ಲಿ ನ್ಯಾಯಾಧೀಶರ ಕೈಯಲ್ಲಿದ್ದ ಪ್ರಶ್ನೆ ಇಲ್ಲಿ ಊರಿನ ಕೈಗೆ ಬಂದಿದೆ. ಎಷ್ಟೋ ಊರುಗಳು ಚರ್ಚಿಸಿ ಬಂಡಿಯನ್ನು ಉಳಿಸಿಕೊಂಡಿವೆ, ಅದರಲ್ಲಿ ತಪ್ಪಿಲ್ಲ. ಉಳಿಸಿಕೊಂಡದ್ದು ತಿಳಿದು ಉಳಿಸಿಕೊಂಡದ್ದು.

ನಮ್ಮ ದೇಶದ ಪೊಲೀಸರಿಗೆ ಕವಚ ಬೇಡವೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಲಾಠಿ ಹಿಡಿದು ಬಂದೂಕಿನ ಮುಂದೆ ನಿಂತವರ ಮನೆಯಲ್ಲಿ ಅನ್ನ ಉಂಡವನು ನಾನು. ಬೇಕು, ಮತ್ತು ಒಳ್ಳೆಯದೇ ಬೇಕು. ಆದರೆ ನಮ್ಮ ಊರುಗಳಿಗೆ ಅಂಥ ಬಂಡಿ ಬರುವಾಗ ನಾವು ಕಾಣುವುದು ಹಾರ ಹಾಕಿ, ಕಾಯಿ ಒಡೆದು, ಹಸಿರು ನಿಶಾನೆ ತೋರಿಸುವ ಸಮಾರಂಭ. ಅದನ್ನು ಎಂಥ ಪ್ರಸಂಗದಲ್ಲಿ ಹೊರತೆಗೆಯಬೇಕು, ಅಪ್ಪಣೆ ಕೊಡುವವರು ಯಾರು, ಬಳಸಿದ ಮೇಲೆ ಲೆಕ್ಕ ಕೇಳುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಆ ದಿನ ಯಾರೂ ಕೇಳುವುದಿಲ್ಲ. ಕೇಳಿದರೆ ಪೊಲೀಸರಿಗೆ ಅವಮಾನವೆಂದು ಭಾವಿಸಬೇಕಾಗಿಲ್ಲ. ಈ ಮಾತನ್ನು ಭಾವನವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಇಟ್ಟರೆ ನಮಗೂ ಒಳ್ಳೇದೇ. ತಪ್ಪು ಮೇಲಿನವರದಾದಾಗ ಕೆಳಗಿನವನ ಕುತ್ತಿಗೆಗೆ ಬರೋದು ತಪ್ಪುತ್ತೆ" ಎಂದರು. ಪ್ರಜೆಯ ರಕ್ಷಣೆಗೆಂದು ನಾನು ಯೋಚಿಸಿದ್ದ ಕಟ್ಟಳೆಯಲ್ಲಿ ಅವರು ಕಾನ್‌ಸ್ಟೇಬಲಿನ ರಕ್ಷಣೆಯನ್ನೂ ಕಂಡರು. ಉಕ್ಕಿನದಲ್ಲದ ಆ ಕವಚವೂ ಅವನಿಗೆ ಸಲ್ಲಬೇಕಾದುದೇ.